ತಟ್ಟೆಯ ಕೊನೆಯ ಕಡಲೆಕಾಯಿ

ತುಮಕೂರಿನ ವಸುಧಾ ಬಿ.ಕಾಂ. ಸೇರಿದ್ದೇ ಷೇರುಪೇಟೆಯ ತಜ್ಞ ಪದ್ಮನಾಭಯ್ಯನವರ ಅಂಕಣ ಓದಿ. ಈಗ ಕಾಲೇಜು ಪತ್ರಿಕೆಗೆ ಅವರದೇ ಸಂದರ್ಶನ ಮಾಡಬೇಕಿತ್ತು. ಅವರ ಕಾರ್ಯದರ್ಶಿ ಫೋನಿನಲ್ಲಿ ಗತ್ತಿನಿಂದ ಹೇಳಿದ: "ಸಾಹೇಬರು ಸಂಜೆ ತಿಂಡಿ ತಿನ್ನೋವಾಗ ಮಾತ್ರ ಮಾತು. ಎರಡು ಬಿಸ್ಕತ್ತು, ಅಷ್ಟೇ. ತಟ್ಟೆ ಖಾಲಿಯಾದ ಕೂಡಲೇ ಎದ್ದು ಬರಬೇಕು!"

ವಸುಧಾ ಅಜ್ಜಿಯನ್ನೇ ಸಾಹೇಬರ ಹಾಗೆ ಕೂರಿಸಿ, ಬಿಸ್ಕತ್ತು ಕೊಟ್ಟು ತಾಲೀಮು ನಡೆಸಿದಳು. ಮೊದಲ ಪ್ರಶ್ನೆ ಮುಗಿಯುವಷ್ಟರಲ್ಲಿ ಅಜ್ಜಿ ಎರಡನ್ನೂ ತಿಂದು, "ಇನ್ನೊಂದು ಕೊಡೇ" ಅಂದಳು.

ಹುಡುಗಿ ಯೋಚಿಸಿ ಮತ್ತೆ ಫೋನ್ ಮಾಡಿದಳು. "ತಿಂಡಿ ನಾನೇ ತರಲಾ ಸರ್?"

"ಧಾರಾಳವಾಗಿ ತಾ" ಎಂದ ಕಾರ್ಯದರ್ಶಿ.

ಮರುದಿನ ಅವಳು ಸಾಹೇಬರ ತಟ್ಟೆಗೆ ಸುರಿದದ್ದು ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ. ಸಿಪ್ಪೆ ಸಮೇತ, ರಾಶಿ ರಾಶಿ.

ಪದ್ಮನಾಭಯ್ಯ ನಕ್ಕು ಒಂದನ್ನು ಸುಲಿದರು. ಆಮೇಲೆ ಕೈಯೂ ನಿಲ್ಲಲಿಲ್ಲ, ಮಾತೂ ನಿಲ್ಲಲಿಲ್ಲ.

"ಮೊದಲ ಸಲ ಪೇಟೆ ಬಿದ್ದ ದಿನ ಮನೇಲಿ ಏನಂದ್ರಿ ಸರ್?"

"ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ ಕಣಮ್ಮ. ಇದನ್ನ ಇದುವರೆಗೆ ಯಾರೂ ಕೇಳಿರಲಿಲ್ಲ."

ಕಾರ್ಯದರ್ಶಿ ಬಾಗಿಲಲ್ಲಿ ಇಣುಕಿ ಇಣುಕಿ ಸೋತ. ಒಂದೇ ಒಂದು ಕಾಯಿ ಉಳಿದಾಗ ಓಡಿ ಬಂದ. "ಮುಗೀತಲ್ಲಮ್ಮ, ಏಳು!"

ವಸುಧಾ ಎದ್ದಳು. ಪದ್ಮನಾಭಯ್ಯ ಆ ಕಡಲೆಕಾಯಿಯ ಮೇಲೆ ಲೋಟ ಬೋರಲು ಹಾಕಿದರು.

"ಇದು ಉಳಿತಾಯ, ಯಾರೂ ಮುಟ್ಟಬೇಡಿ. ನೀನು ನಾಳೆ ಸಂಜೆ ಬಾಮ್ಮ. ತಟ್ಟೆ ಇನ್ನೂ ಖಾಲಿಯಾಗಿಲ್ಲ."