ಸಾಲಿನಲ್ಲಿ ನಿಂತ ವ್ಯಾಪಾರಿ

"ಗುರುಗಳೇ, ನಾಲ್ಕು ಜನರಿಗೆ ಉಪಕಾರವಾಗುವ ಕೆಲಸವೊಂದು ಕಚೇರಿಯಲ್ಲಿ ನಿಂತುಹೋದರೆ, ಲಂಚ ಕೊಟ್ಟು ಅದನ್ನು ಮಾಡಿಸುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಸಮುದ್ರದಾಚೆಯ ನಾಡಿನಲ್ಲಿ ಮೀನಿನ ವ್ಯಾಪಾರ ಮಾಡಿ ಮುಂದೆ ಬಂದ ಒಬ್ಬ ವ್ಯಾಪಾರಿಯಿದ್ದ. ಅವನು ಹುಟ್ಟಿದ ಕಡಲತೀರದಲ್ಲಿ ಮಂಜುಗಡ್ಡೆ ಸಿಗುತ್ತಿರಲಿಲ್ಲ. ಬಿಸಿಲು ಏರುವ ಮೊದಲು ದಲ್ಲಾಳಿ ಹೇಳಿದ ದರಕ್ಕೆ ಮೀನು ಮಾರಬೇಕು, ಇಲ್ಲವಾದರೆ ಗೊಬ್ಬರದ ಗುಂಡಿಗೆ ಹಾಕಬೇಕು. ಇದನ್ನು ನೆನೆದು ಅವನು ಮಂಜುಗಡ್ಡೆ ಮಾಡುವ ಯಂತ್ರದೊಂದಿಗೆ ಊರಿಗೆ ಮರಳಿದ. ಊರಿನವರು ಶಾಲು ಹೊದಿಸಿ ಸನ್ಮಾನ ಮಾಡಿದರು. ಯಂತ್ರಕ್ಕೆ ವಿದ್ಯುತ್ ಮಂಜೂರು ಮಾಡಬೇಕಾದ ಅಧಿಕಾರಿಯೇ ಆ ಸಭೆಗೆ ಅಧ್ಯಕ್ಷ. ನಾಡಿಗೆ ಇಂಥವರು ಬೇಕು ಎಂದು ಆತ ಬಹಳ ಹೊತ್ತು ಮಾತನಾಡಿದ.

ಮರುದಿನ ವ್ಯಾಪಾರಿ ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತ. ಹೊರನಾಡಿನಲ್ಲಿ ಅವನಿಗೆ ಆದ ಅಭ್ಯಾಸ ಅದು. ಈ ಕಚೇರಿಯಲ್ಲಿ ಸಾಲು ಇದ್ದದ್ದು ಒಳಗೆ ಯಾರ ಪರಿಚಯವೂ ಇಲ್ಲದವರಿಗೆ. ಉಳಿದವರು ಪಕ್ಕದ ಬಾಗಿಲಿನಿಂದ ಹೋಗುತ್ತಿದ್ದರು.

ಜವಾನ ಅವನನ್ನು ಗುರುತಿಸಿ, "ಇಲ್ಲಿ ಯಾಕೆ ನಿಂತಿರಿ ಸ್ವಾಮಿ? ಸಾಹೇಬರ ಕೈ ಸ್ವಲ್ಪ ಬೆಚ್ಚಗೆ ಮಾಡಿ, ಆ ಬಾಗಿಲಿಂದ ಬನ್ನಿ" ಎಂದ.

"ಸರದಿ ಬಂದಾಗ ಬರುತ್ತೇನೆ" ಎಂದ ವ್ಯಾಪಾರಿ.

ಸರದಿ ಬಂದಾಗಲೆಲ್ಲ ಸಾಹೇಬರು ಊಟಕ್ಕೆ ಹೋಗಿರುತ್ತಿದ್ದರು.

ಮಳೆಗಾಲ ಕಳೆದು ಮೀನಿನ ಸುಗ್ಗಿ ಬಂತು. ಯಂತ್ರ ಟಾರ್ಪಾಲಿನ ಅಡಿಯಲ್ಲೇ ಇತ್ತು. ಮೀನು ಮಾರುವ ಹೆಂಗಸೊಬ್ಬಳು ಖಾಲಿ ಬುಟ್ಟಿ ಹಿಡಿದು ಅವನ ಮನೆಗೆ ಬಂದಳು.

"ಸಾವುಕಾರ್ರೇ, ಒಂದು ದೋಣಿ ಬಂಗುಡೆಯನ್ನು ಗುಂಡಿಗೆ ಸುರಿದು ಬಂದೆವು. ನಿಯತ್ತು ನಿಮ್ಮದು, ಅದರ ಖರ್ಚು ಮಾತ್ರ ನಮ್ಮ ಬುಟ್ಟಿಯಿಂದ ಹೋಗ್ತಾ ಇದೆ."

"ತಪ್ಪು ಮಾಡು ಅಂತೀಯೇನಕ್ಕಾ?"

"ನಾನು ಐಸ್ ಬೇಕು ಅಂದೆ. ಉಳಿದದ್ದು ನಿಮಗೆ ಬಿಟ್ಟದ್ದು."

ಮರುದಿನ ವ್ಯಾಪಾರಿ ಪಕ್ಕದ ಬಾಗಿಲಿನಿಂದ ಹೋದ. ಸಂಜೆಯೊಳಗೆ ತಂತಿ ಎಳೆದರು. ಮೀನು ಕೆಡುವುದು ನಿಂತಿತು. ದಲ್ಲಾಳಿಯ ದರ್ಪ ಇಳಿಯಿತು. ಆ ಹೆಂಗಸು ಸಿಕ್ಕಿದವರಿಗೆಲ್ಲ ಅವನನ್ನು ಹೊಗಳಿದಳು. ಅಧಿಕಾರಿಯೂ ಹೊಗಳಿದ. ಇಬ್ಬರೂ ಮನಸಾರೆ ಹೊಗಳಿದರು.

ಮುಂದಿನ ವರ್ಷ ಸಮುದ್ರದಾಚೆಯಿಂದ ಮತ್ತೊಬ್ಬ ವ್ಯಾಪಾರಿ ಇನ್ನೂ ದೊಡ್ಡ ಯಂತ್ರ ತಂದ. ಅವನಿಗೂ ಶಾಲು ಹೊದಿಸಿದರು. ಅವನೂ ಹೋಗಿ ಸಾಲಿನಲ್ಲಿ ನಿಂತ. ಆಗ ಮೊದಲನೆಯವನು ಒಳಗೆ ಅಧಿಕಾರಿಯ ಎದುರು ಕೂತು ಚಹಾ ಕುಡಿಯುತ್ತಿದ್ದ.

ಅಧಿಕಾರಿ ಕಿಟಕಿಯತ್ತ ಕಣ್ಣು ಹಾಯಿಸಿ, "ಇವರಿಗೇನು ಮಾಡೋಣ?" ಎಂದು ಕೇಳಿದ.

ಮೊದಲನೆಯವನು ಲೋಟ ಕೆಳಗಿಟ್ಟು, "ಸರದಿ ಬರಲಿ" ಎಂದ.

ಎರಡನೆಯವನು ಎರಡು ಸುಗ್ಗಿ ಕಾದು, ಯಂತ್ರವನ್ನು ಗುಜರಿಗೆ ಹಾಕಿ ಬಂದ ದಾರಿ ಹಿಡಿದ. ಅಲ್ಲಿಂದೀಚೆಗೆ ಮಂಜುಗಡ್ಡೆಯ ಬೆಲೆ ಏರುತ್ತಲೇ ಹೋಯಿತು. ಹೆಂಗಸರು ಗಳಿಸಿದ್ದರಲ್ಲಿ ದಲ್ಲಾಳಿಗೆ ಹೋಗುತ್ತಿದ್ದ ಪಾಲು ಈಗ ಮೊದಲನೆಯವನಿಗೆ ಹೋಗುತ್ತಿತ್ತು.

ಗುರುಗಳು ಇಷ್ಟಕ್ಕೆ ಕಥೆ ಮುಗಿಸಿದರು.

ಶಿಷ್ಯ ತಡೆಯಲಾರದೆ, "ಆ ಹೆಂಗಸು ಅವನ ಮನೆ ಬಾಗಿಲಿಗೆ ಹೋಗಿ ಬಯ್ಯಲಿಲ್ಲವೇ?" ಎಂದು ಕೇಳಿದ.

"ಬಯ್ಯುವುದೆಲ್ಲಿ ಬಂತು, ಅವಳು ಇವತ್ತಿಗೂ ಅವನ ಹೆಸರಿನಲ್ಲಿ ದೀಪ ಹಚ್ಚುತ್ತಾಳೆ, ಆ ತೀರದಲ್ಲಿ ಮಂಜುಗಡ್ಡೆ ಕೊಡುವವನು ಅವನೊಬ್ಬನೇ ತಾನೆ."