ಅಜ್ಜನವರಿಗೆ ತಿಳಿಯದ ಪಾಠ

ಸುಣ್ಣದಕೊಪ್ಪದ ಮಠದ ಪರಮಪೂಜ್ಯ ಶ್ರೀ ಅಡಿವೆಪ್ಪಜ್ಜನವರ ದರ್ಶನಕ್ಕೆ ಬಂದ ಹೊಸಬರು ನೇರ ಗದ್ದುಗೆಯ ಮುಂದೆ ಹೋಗಿ ಕೈಮುಗಿದು ನಿಲ್ಲುತ್ತಿದ್ದರು. ಅಜ್ಜನವರು ಅಲ್ಲಿ ಕೂಡುತ್ತಿದ್ದದ್ದು ಅಪರೂಪ. ಹಿತ್ತಲ ಕಟ್ಟೆಯ ಮೇಲೆ ಮೊರ ಹಿಡಿದು, ದಾಸೋಹದ ತೊಗರಿಬೇಳೆಯೊಳಗಿನ ಕಲ್ಲು ಆರಿಸುತ್ತಿದ್ದರು. ಆ ಮಹಾತ್ಮರ ದೃಷ್ಟಿ ಮಂದವಾಗಿತ್ತು. ಅವರು ಆರಿಸಿದ ಬೇಳೆಯಲ್ಲಿ ನಮ್ಮ ಹಲ್ಲಿಗೆ ಆಗಾಗ ಕಲ್ಲು ಸಿಗುತ್ತಿತ್ತು. ಪ್ರಸಾದದಲ್ಲಿ ಕುಂದು ಹುಡುಕಬಾರದೆಂದು ನುಂಗಿಕೊಳ್ಳುತ್ತಿದ್ದೆವು.

ಒಂದು ಸಂಜೆ ಊರ ಶಾಲೆಯ ಪಂಪಾಪತಿ ಮಾಸ್ತರರು ಕಂಕುಳಲ್ಲಿ ಬೆತ್ತದ ಛಡಿ ಇಟ್ಟುಕೊಂಡು ಮಠಕ್ಕೆ ಬಂದರು. ಮಾಸ್ತರರು ಕೆಟ್ಟವರಲ್ಲ. ಲೆಕ್ಕದಲ್ಲಂತೂ ಬಲು ಬುದ್ಧಿವಂತರು. ಆ ಬುದ್ಧಿ ಅವರ ತಲೆ ಬಿಟ್ಟು ಮಕ್ಕಳ ತಲೆಗೆ ಹೋಗುತ್ತಿರಲಿಲ್ಲ, ಅಷ್ಟೆ. ಪಾಠ ಮುಗಿದೊಡನೆ ಛಡಿ ಎತ್ತಿ "ತಿಳೀತಿಲ್ಲೋ?" ಎಂದು ಗುಡುಗುವರು. ಮಕ್ಕಳು "ತಿಳೀತ್ರೀ" ಎಂದು ಒಂದೇ ದನಿಯಲ್ಲಿ ಕೂಗುವರು. ಆ ಕೂಗು ಮಠದವರೆಗೂ ಕೇಳಿಸುತ್ತಿತ್ತು. ಹೋದ ವರ್ಷ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಸಾಹೇಬರು ಪ್ರಶ್ನೆ ಕೇಳಿದಾಗ ಮಾತ್ರ ಅದೇ ಮಕ್ಕಳು ಸೂರಿನ ಜಂತೆ ನೋಡುತ್ತ ನಿಂತಿದ್ದರು. ಮುಂದಿನ ಸಲವೂ ಹೀಗಾದರೆ ನೌಕರಿ ಉಳಿಯುವುದಿಲ್ಲವೆಂದು ಸಾಹೇಬರು ಹೇಳಿಹೋಗಿದ್ದರು. ಆ ಮುಂದಿನ ಸಲ ಈಗ ಹತ್ತಿರ ಬಂದಿತ್ತು.

"ಅಜ್ಜಾರ, ಕ್ವಾಣನ ಮುಂದ ಕಿನ್ನರಿ ಬಾರಿಸಿ ಸಾಕಾಗೇತ್ರಿ," ಎಂದು ಮಾಸ್ತರರು ಅಡ್ಡಬಿದ್ದರು. "ಛಡಿ ಛಂ ಛಂ, ವಿದ್ಯಾ ಘಂ ಘಂ ಅಂತಾರ. ನಂದು ಬರೇ ಛಂ ಛಂ ಆಗೇತಿ. ಈ ಛಡಿಗೆ ನಿಮ್ಮ ಕೈಲೆ ಒಂದೀಟು ವಿಭೂತಿ ಹಚ್ಚಿ ಕೊಡ್ರಿ. ಇಲ್ಲಾಂದ್ರ ಹೆಂಡ್ತಿ ಮಕ್ಕಳನ್ನ ಕರಕೊಂಡು ಊರು ಬಿಡೂದ ಗತಿ."

ಕರುಣಾಳುಗಳಾದ ಪೂಜ್ಯರು ಛಡಿಯನ್ನು ಇಸಿದುಕೊಂಡು ತುದಿಯಿಂದ ಬುಡದವರೆಗೆ ವಿಭೂತಿ ಧಾರಣೆ ಮಾಡಿದರು. ಆದರೆ ತಿರುಗಿ ಕೊಡಲಿಲ್ಲ. "ನಾಳೆ ನಾನ ತರ್ತೀನಿ," ಎಂದಷ್ಟೇ ಅಪ್ಪಣೆ ಕೊಡಿಸಿದರು.

ಮರುದಿನ ಅಜ್ಜನವರು ಅದೇ ಛಡಿ ಊರಿಕೊಂಡು ಶಾಲೆಗೆ ಬಿಜಯಂಗೈದರು. ಮಾಸ್ತರರು ಕುರ್ಚಿ ಒರೆಸಿದರು. ಪೂಜ್ಯರು ಅದರತ್ತ ನೋಡದೆ, ಮಕ್ಕಳ ನಡುವೆ ಗೋಣಿತಟ್ಟಿನ ಮೇಲೆ ಕುಳಿತು, ಛಡಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. "ನಡೀಲ್ರಿ ಮಾಸ್ತರ. ನಾನೂ ಕಲಿಯಾಕ ಬಂದೀನಿ."

ಅಂದು ಭಿನ್ನರಾಶಿಯ ಪಾಠ. ಮಾಸ್ತರರು ಅಂಶ, ಛೇದ ಎಂದು ನಿರರ್ಗಳವಾಗಿ ಹೇಳಿ ಮುಗಿಸಿ, ರೂಢಿಯಂತೆ ಕಂಕುಳಿಗೆ ಕೈ ಹಾಕಿದರು. ಅಲ್ಲಿ ಛಡಿ ಇರಲಿಲ್ಲ. "ತಿಳೀತಿಲ್ಲೋ?" ಎಂದರು, ಸ್ವಲ್ಪ ಮೆತ್ತಗೆ. "ತಿಳೀತ್ರೀ" ಎಂಬ ಕೂಗು ಎದ್ದು ಅಡಗಿತು. ಆಮೇಲೆ ಅಜ್ಜನವರದೊಂದೇ ದನಿ ಕೇಳಿಸಿತು.

"ನನಗ ತಿಳೀಲಿಲ್ರಿ. ನಾಲ್ಕು ಮೂರಕ್ಕಿಂತ ದೊಡ್ಡದು. ಹಂಗಾರ ನಾಲ್ಕನೇ ಒಂದು ಭಾಗ, ಮೂರನೇ ಒಂದು ಭಾಗಕ್ಕಿಂತ ಸಣ್ಣದು ಹೆಂಗಾತು?"

ಬೇರೆ ಯಾರಾದರೂ ಕೇಳಿದ್ದರೆ "ದನಾ ಕಾಯಾಕ ಹೋಗಲೇ" ಎಂಬುದೇ ಉತ್ತರ. ಅದು ನಾಲಗೆಯ ತುದಿಯವರೆಗೆ ಬಂದೂ ಬಿಟ್ಟಿತ್ತು. ಮಾಸ್ತರರು ನುಂಗಿಕೊಂಡು ಅದೇ ಪಾಠವನ್ನು ಮತ್ತೊಮ್ಮೆ ಒಪ್ಪಿಸಿದರು. "ತಿಳೀಲಿಲ್ರಿ," ಎಂದರು ಪೂಜ್ಯರು. ಮಾಸ್ತರರು ಹಂಚಿನ ಮೇಲಿನ ಕಾಗೆ ಹಾರಿಹೋಗುವಷ್ಟು ಜೋರಾಗಿ ಅದನ್ನೇ ಇನ್ನೊಮ್ಮೆ ಹೇಳಿದರು.

"ಮಾಸ್ತರ, ನನ್ನ ಕಿವಿ ಚಲೋ ಅದಾವು. ತಿಳೀಲಿಲ್ಲ, ಅಷ್ಟ."

ಪಾಪ, ಏನು ಮಾಡಿಯಾರು? ಅಜ್ಜನವರನ್ನು ಹೊಡೆಯುವಂತಿಲ್ಲ, ಕತ್ತೆ ಎನ್ನುವಂತಿಲ್ಲ, ಮೂಲೆಯಲ್ಲಿ ನಿಲ್ಲಿಸುವಂತಿಲ್ಲ. ಎದುರು ಕುಳಿತವರಿಗೆ ಯಾಕೆ ತಿಳಿಯಲಿಲ್ಲವೆಂದು ಯೋಚಿಸುವುದೊಂದೇ ಉಳಿದಿತ್ತು. ಆ ಕೆಲಸವನ್ನು ಅವರು ಅಲ್ಲಿಯವರೆಗೆ ಮಾಡಿರಲಿಲ್ಲ. ಬೆವರು ಒರೆಸಿಕೊಂಡು, ತಮ್ಮ ಬುತ್ತಿ ಬಿಚ್ಚಿ, ಒಂದು ಕಡಕ್ ರೊಟ್ಟಿ ಹಿಡಿದು ಮೂರು ಪಾಲು ಮಾಡಲು ಹೋದರು. ರೊಟ್ಟಿ ಪುಡಿಪುಡಿಯಾಗಿ ಮೇಜಿನ ತುಂಬ ಹರಡಿತು.

"ಇದು ಎಷ್ಟನೇ ಭಾಗ್ರಿ?" ಎಂದು ಪೂಜ್ಯರು ವಿನಯದಿಂದ ಕೇಳಿದರು.

ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದರು. ಮಾಸ್ತರರು ಪುಡಿ ನೋಡಿದರು, ಪೂಜ್ಯರನ್ನು ನೋಡಿದರು, ತಾವೇ ನಕ್ಕುಬಿಟ್ಟರು. ಆ ಶಾಲೆಯ ಮಕ್ಕಳು ಅವರ ಹಲ್ಲು ಕಂಡದ್ದು ಅವತ್ತೇ. ಅಜ್ಜನವರ ಪಕ್ಕದಲ್ಲಿದ್ದ ಭರಮವ್ವ ಎಂಬ ಹುಡುಗಿ ತನ್ನ ಬುತ್ತಿಯಿಂದ ಎರಡು ಮೆತ್ತನ್ನ ರೊಟ್ಟಿ ಕೊಟ್ಟಳು. ಮಾಸ್ತರರು ಒಂದನ್ನು ಮೂರು ಮಾಡಿದರು, ಇನ್ನೊಂದನ್ನು ನಾಲ್ಕು ಮಾಡಿದರು. ಒಂದೊಂದು ಪಾಲು ಎತ್ತಿ ಹಿಡಿದರು.

ಭರಮವ್ವ ಮೊದಲು ಅಜ್ಜನವರ ತೊಡೆಯ ಮೇಲಿನ ಛಡಿಯನ್ನು ನೋಡಿದಳು. ಅದು ಮೇಲೇಳಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ನನಗೂ ತಿಳೀಲಿಲ್ರಿ ಸರ್. ಇನ್ನೊಮ್ಮೆ ಹೇಳ್ರಿ," ಎಂದಳು.

ಅಜ್ಜನವರು ಆಗಲೇ ಎದ್ದುಬಿಟ್ಟರು. "ನನಗ ತಿಳೀತ್ರಿ ಮಾಸ್ತರ. ಇನ್ನ ಈ ಕೂಸಿಗೆ ಹೇಳ್ರಿ," ಎಂದು ಛಡಿ ಊರಿಕೊಂಡು ಮಠಕ್ಕೆ ದಯಮಾಡಿಸಿದರು. ಛಡಿ ಹೋದದ್ದು ಮಾಸ್ತರರಿಗೆ ನೆನಪಾದದ್ದು ಶಾಲೆ ಬಿಟ್ಟ ಮೇಲೆ.

ತಪಾಸಣೆಯ ದಿನ ಸಾಹೇಬರು, ಐದನೇ ಒಂದು ಭಾಗ ದೊಡ್ಡದೋ ಆರನೇ ಒಂದು ಭಾಗ ದೊಡ್ಡದೋ ಎಂದು ಗಡಿಬಿಡಿಯಲ್ಲಿ ಕೇಳಿದರು. ಭರಮವ್ವ ಎದ್ದು ನಿಂತು, "ತಿಳೀಲಿಲ್ರಿ ಸಾಹೇಬ್ರ, ಇನ್ನೊಮ್ಮೆ ಹೇಳ್ರಿ," ಎಂದಳು. ಸಾಹೇಬರು ಕನ್ನಡಕ ತೆಗೆದು ಅವಳನ್ನು ನೋಡಿದರು. ಮತ್ತೆ ಸಾವಕಾಶವಾಗಿ ಬಿಡಿಸಿ ಕೇಳಿದರು.

"ಐದನೇ ಒಂದು ದೊಡ್ಡದ್ರಿ. ಪಂಕ್ತಿಯಾಗ ಮಂದಿ ಕಡಿಮಿ ಕುಂತ್ರ ಪಾಲು ಹೆಚ್ಚು ಬರ್ತೈತಿ."

ನೌಕರಿ ಉಳಿಯಿತು. ಅಂದು ಸಂಜೆ ಮಾಸ್ತರರು ಮಠಕ್ಕೆ ಓಡಿಬಂದು ಅಜ್ಜನವರ ಪಾದ ಹಿಡಿದು ಅತ್ತರು. ವಿಭೂತಿಯ ಛಡಿ ಹಿತ್ತಲಲ್ಲಿ ನೆಟ್ಟಿತ್ತು. ಹೀರೆಬಳ್ಳಿಯೊಂದು ಅದನ್ನು ಹಿಡಿದು ಮೇಲೇರುತ್ತಿತ್ತು.

"ಬೇಕಾದ್ರ ಒಯ್ರಿ," ಎಂದರು ಪೂಜ್ಯರು.

"ಬ್ಯಾಡ್ರಿ ಅಜ್ಜಾರ. ಬಳ್ಳಿ ಬೀಳ್ತೈತಿ."

ನಿವೃತ್ತರಾಗುವವರೆಗೂ ಮಾಸ್ತರರು "ತಿಳೀತಿಲ್ಲೋ?" ಎಂದು ಮತ್ತೆ ಕೇಳಲಿಲ್ಲ. "ಯಾರಿಗೆ ತಿಳೀಲಿಲ್ಲ?" ಎಂದು ಕೇಳಿ, ಕೈ ಎತ್ತಿದವರ ಪಕ್ಕದಲ್ಲಿ ತಟ್ಟಿನ ಮೇಲೆ ಕೂಡುತ್ತಿದ್ದರು. ಸಂಜೆಯಾದರೆ ಮಠದ ಕಟ್ಟೆಗೆ ಬಂದು, ಅಜ್ಜನವರು ಆರಿಸಿಟ್ಟ ಬೇಳೆಯನ್ನು ಇನ್ನೊಂದು ಮೊರಕ್ಕೆ ಹಾಕಿಕೊಂಡು ಮತ್ತೊಮ್ಮೆ ಆರಿಸುತ್ತಿದ್ದರು. ನಮ್ಮ ಪ್ರಸಾದದಲ್ಲಿ ಕಲ್ಲು ಸಿಗುವುದು ನಿಂತುಹೋಯಿತು. ಭಕ್ತರು ಅದನ್ನು ಅಜ್ಜನವರ ಪವಾಡವೆಂದೇ ಇಂದಿಗೂ ಹೇಳುತ್ತಾರೆ, ನಾನೂ ಇಲ್ಲವೆನ್ನುವುದಿಲ್ಲ.