ಗಡಿಕಲ್ಲಿನ ಕಾವಲುಗಾರ

“ಹೊಳೆಸಿರಿ ರಾಜ್ಯದ ಪ್ರಜೆಗಳಿಗೆ ರಾಣಿ ಚಂಪಲಾದೇವಿಯವರ ಆಜ್ಞೆ. ಮೂಡಕೋಟೆಯ ದಾರಿಯಲ್ಲಿ, ಗಡಿಕಲ್ಲಿನ ಬಳಿ, ಒಂದು ಭೂತ ಮೋಟಾರು ಕೂಡಿಸಿದ ಸೈಕಲ್ಲಿನವರನ್ನು ತಡೆದು ಮೂರು ಒಗಟು ಕೇಳುತ್ತಿದೆ. ತಪ್ಪು ಹೇಳಿದವರು ಮಾಯವಾಗುತ್ತಿದ್ದಾರೆ. ಮೂರನ್ನೂ ಬಿಡಿಸಿ ದಾರಿ ತೆರೆಸಿದವರು ಕೇಳಿದ್ದನ್ನು ಕೊಡಲಾಗುವುದು.”

ಡಂಗುರ ಕೇಳಿ ಸೈಕಲ್ ರಿಪೇರಿಯ ಲಕ್ಕವ್ವ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು. ಅವಳ ಅಣ್ಣ ದುರ್ಗಪ್ಪ ಆ ದಾರಿಯಲ್ಲಿ ಹೋದವನು ತಿಂಗಳಾದರೂ ಮರಳಿರಲಿಲ್ಲ.

ಅವಳು ಗಡಿ ತಲುಪಿದಾಗ ನಡುಮಧ್ಯಾಹ್ನ. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಬೋಳು ಕಲ್ಲಿನ ಸುತ್ತ ಸವಾರರಿಲ್ಲದ ಹತ್ತು ಸೈಕಲ್ಲುಗಳು ಸ್ಟ್ಯಾಂಡಿಲ್ಲದೆ ನೆಟ್ಟಗೆ ನಿಂತಿದ್ದವು. ಅಣ್ಣನ ಸೈಕಲ್ಲಿನ ಸೀಟು ಮುಟ್ಟಿದಳು. ಈಗಷ್ಟೇ ಎದ್ದು ಹೋದಂತೆ ಬೆಚ್ಚಗಿತ್ತು.

ದಂಡನಾಯಕ ವಿಕ್ಕರಸ ತನ್ನ ಸೈಕಲ್ಲೇರಿ ಅವಳಿಗಿಂತ ಮೊದಲೇ ಬಂದಿದ್ದ. ಕಲ್ಲಿನ ಕಡೆಯಿಂದ ದಣಿದ ದನಿಯೊಂದು ಕೇಳಿತು. “ಕಲ್ಲಿನ ಈಚೆ ಇದು ಸೈಕಲ್ಲು, ಆಚೆ ವಾಹನ. ಚಕ್ರವೂ ಅದೇ, ಸವಾರನೂ ಅವನೇ. ನಡುವೆ ಬದಲಾದದ್ದು ಏನು?”

“ವೇಗ,” ಎಂದ ವಿಕ್ಕರಸ ನಗುತ್ತ. ಆ ನಗು ಅರ್ಧಕ್ಕೇ ನಿಂತಿತು. ಅವನ ಸೈಕಲ್ಲು ಮಾತ್ರ ಉಳಿಯಿತು. ಹನ್ನೊಂದನೆಯದು.

ಲಕ್ಕವ್ವ ಆ ಸೈಕಲ್ಲನ್ನೊಮ್ಮೆ ನೋಡಿದಳು. ಆದರೂ ಮುಂದೆ ಬಂದಳು.

“ಬದಲಾದದ್ದು ಕಾನೂನು. ಪೆಡಲಿದ್ದು, ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಮೀರದಿದ್ದರೆ ನಮ್ಮಲ್ಲಿ ಅದು ಸೈಕಲ್ಲೇ. ಮೂಡಕೋಟೆಯಲ್ಲಿ ಮೋಟಾರು ಕೂಡಿಸಿದರೆ ಸಾಕು, ಲೈಸೆನ್ಸೂ ಬೇಕು, ನಂಬರ್ ಪ್ಲೇಟೂ ಬೇಕು. ಎರಡೂ ಕಡೆಯ ಗಿರಾಕಿಗಳು ನನ್ನ ಅಂಗಡಿಗೆ ಬರುತ್ತಾರೆ.”

ದನಿ ಈಗ ಅವಳ ಬೆನ್ನ ಹಿಂದಿನಿಂದ ಬಂತು. “ನಾನು ಸುಮ್ಮನಿದ್ದರೂ ಗಾಡಿ ಓಡುತ್ತದೆ. ಆದರೆ ನನ್ನನ್ನು ಕಿತ್ತರೆ ನಿನ್ನ ನಾಡಿನಲ್ಲೂ ಅದು ಸೈಕಲ್ಲಲ್ಲ. ನಾನು ಯಾರು?”

“ಪೆಡಲು. ಕಿತ್ತುಕೊಡಿ ಅಂತ ಬಂದವರನ್ನು ಎಷ್ಟೋ ಸಲ ವಾಪಸು ಕಳಿಸಿದ್ದೇನೆ.”

ತಣ್ಣನೆಯ ಉಸಿರು ಅವಳ ಕಿವಿಗೆ ತಾಗಿತು. “ಈ ಹನ್ನೊಂದು ಜನ ಯಾರೂ ಜೋರಾಗಿ ಓಡಿಸಲಿಲ್ಲ, ಯಾರೂ ಪೆಡಲು ಕಿತ್ತಿರಲಿಲ್ಲ. ಆದರೂ ಈ ಕಲ್ಲಿನ ಬಳಿ ತಪ್ಪು ನಡೆಯಿತು. ಅದು ಯಾರದು?”

ಸವಾರರದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಲಕ್ಕವ್ವ ಬೋಳು ಕಲ್ಲನ್ನು ನೋಡಿ ಅದನ್ನು ನುಂಗಿಕೊಂಡಳು.

“ಇದರ ಮೇಲೆ ಒಂದಕ್ಷರವೂ ಇಲ್ಲ, ಯಜಮಾನರೇ. ಆಚೆಯ ಕಾನೂನು ಬೇರೆ ಅಂತ ಅವರಿಗೆ ಯಾರು ಹೇಳಿದರು? ಗೊತ್ತಿದ್ದೂ ಹೇಳದೆ ಹಿಡಿದವರದೇ ತಪ್ಪು. ನಿಮ್ಮದು.”



“ಬದುಕಿದ್ದಾಗ ಇಲ್ಲೇ ಮೂಡಕೋಟೆಯ ಕಾವಲಿಗಿದ್ದೆ, ತಂಗಿ,” ಎಂದಿತು ದನಿ. “ಹಿಡಿ ಅಂತಷ್ಟೇ ನನಗೆ ಹೇಳಿದ್ದರು. ಹೇಳು ಅಂತ ಯಾರೂ ಹೇಳಲಿಲ್ಲ.”

ಹನ್ನೊಂದು ಸೈಕಲ್ಲುಗಳೂ ಒಟ್ಟಿಗೆ ಉರುಳಿದವು. ಪಕ್ಕದಲ್ಲಿ ಹನ್ನೊಂದು ಜನ ಕಣ್ಣುಜ್ಜುತ್ತ ನಿಂತಿದ್ದರು. ದುರ್ಗಪ್ಪ, “ನೀನ್ಯಾವಾಗ ಬಂದೆ?” ಎಂದು ತಂಗಿಯನ್ನು ಕೇಳಿದ. ಅವಳು ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ಅವಳು ಕೇಳಿದಂತೆ ರಾಣಿ ಎರಡೂ ರಾಜ್ಯಗಳ ಕಾನೂನನ್ನು ಕಲ್ಲಿನ ಮೇಲೆ ಕೆತ್ತಿಸಿ, ಓದಲು ಬಾರದವರಿಗೆ ತಿಳಿಸುವ ಅಧಿಕಾರವನ್ನು ಅವಳಿಗೇ ಕೊಟ್ಟಳು, ಜೊತೆಗೆ ಗಡಿಯಲ್ಲೇ ಒಂದು ಮನೆ.

ಮೊದಲ ದಿನ ಬಂದ ಮುದುಕನೊಬ್ಬನಿಗೆ ಲಕ್ಕವ್ವ ಎಲ್ಲವನ್ನೂ ವಿವರಿಸಹೊರಟಳು.

“ಗೊತ್ತಾಯ್ತಮ್ಮ,” ಎಂದ ಅವನು ಸೈಕಲ್ಲಿನಿಂದ ಇಳಿಯುತ್ತ. “ಆ ತಿರುವಿನಲ್ಲಿ ನಿಂತಿರುವ ಕಾವಲಿನವರು ಆಗಲೇ ಹೇಳಿದರು.”

ಲಕ್ಕವ್ವ ತಿರುಗಿ ನೋಡಿದಳು. ತಿರುವಿನಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ.